ಮಂಗಳ ಹಾಡಿದ ಮೇಲೆ ಕಲಾವಿದರು ಎಲ್ಲಿಗೆ ಹೋಗುತ್ತಾರೆ?

"ಇವರು ಕಲೆಗಾಗಿ ತಮ್ಮ ಬದುಕನ್ನೇ ಮುಡಿಪಾಗಿಟ್ಟವರು..."

ನಮ್ಮ ಕಾಸರಗೋಡಿನ ಕಡೆ ಯಕ್ಷಗಾನ ಬಯಲಾಟ ನಡೆಯುವಾಗ ನಡುವೆ ಹತ್ತು ಹದಿನೈದು ನಿಮಿಷ ಆಟ ನಿಲ್ಲಿಸಿ, ರಂಗಸ್ಥಳಕ್ಕೆ ಕುರ್ಚಿ ತರಿಸಿ, ಹಿರಿಯ ಕಲಾವಿದರೊಬ್ಬರನ್ನು ಅದರಲ್ಲಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಮೈಕಿನಲ್ಲಿ ಹೇಳುವ ಮಾತು ಇದು. ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ ರಾತ್ರಿ ಮಂಗಳ ಹಾಡಿ, ಜನ ಎದ್ದು, ಚರುಂಬುರಿ ಅಂಗಡಿಯವರೂ ಗಂಟು ಕಟ್ಟಿದ ಮೇಲೆ ಆ ಕಲಾವಿದರು ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂದು ಸಂಘಟಕರಲ್ಲಿ ಒಮ್ಮೆ ಕೇಳಿ ನೋಡಿ.

"ಅವರ ಹತ್ತಿರ ಬೈಕ್ ಉಂಟಲ್ಲ ಮಾರಾಯ್ರೆ!" ಎಂಬ ಉತ್ತರ ಬರುತ್ತದೆ.

ಈ ಬರಹ ಆ ಬೈಕಿನ ಬಗ್ಗೆ. ಧನು ತಿಂಗಳ ಮಂಜಿನಲ್ಲಿ ರಾತ್ರಿ ಒಂದೂವರೆಗೆ ಚೌಕಿಯಿಂದ ಹೊರಡುವ ಬೈಕು ಅದು. ಯಕ್ಷಗಾನ ಉಳಿಯಬೇಕು, ಕನ್ನಡ ಉಳಿಯಬೇಕು, ಸಂಸ್ಕೃತಿ ಉಳಿಯಬೇಕು ಎಂದು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಆಟ ಆಡಿದವರು ಕ್ಷೇಮವಾಗಿ ಮನೆ ಮುಟ್ಟಿದರೇ ಎಂದು ವಿಚಾರಿಸುವವರು ಮಾತ್ರ ಕಾಣುವುದಿಲ್ಲ. ಇದನ್ನು ಯಾರಾದರೂ ಜಗಳ ಕಾಯುವ ಧಾಟಿಯಲ್ಲೇ ಹೇಳಬೇಕಿತ್ತು, ನಾನು ಹೇಳುತ್ತಿದ್ದೇನೆ.

ಮೇಳದ ತಿರುಗಾಟ ಗೊತ್ತಿಲ್ಲದ ಹುಬ್ಬಳ್ಳಿ, ಮೈಸೂರು ಕಡೆಯ ಓದುಗರಿಗಾಗಿ ಎರಡು ಮಾತು. ನಮ್ಮ ಕಡೆಯ ವೃತ್ತಿಮೇಳಗಳು ದೀಪಾವಳಿ ಕಳೆದ ಮೇಲೆ, ಸುಮಾರಾಗಿ ನವೆಂಬರ್ ತಿಂಗಳಲ್ಲಿ ತಮ್ಮ ದೇವಸ್ಥಾನದ ಎದುರು ಗೆಜ್ಜೆ ಕಟ್ಟಿ ಹೊರಡುತ್ತವೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ನಡುವಿನ ಅಷ್ಟೂ ದಿನ ಇವತ್ತು ಒಂದೂರು, ನಾಳೆ ಇನ್ನೊಂದೂರು. ಕೊಯ್ಲು ಮುಗಿದ ಗದ್ದೆ, ಶಾಲೆಯ ಮೈದಾನ, ದೇವಸ್ಥಾನದ ಅಂಗಳ, ಹರಕೆ ಹೊತ್ತವರ ಮನೆಯ ಬಯಲು... ಎಲ್ಲಿ ವೀಳ್ಯ ಆಗಿದೆಯೋ ಅಲ್ಲಿ ಆಟ. ಭಾಗವತರು, ಮದ್ದಳೆ ಚೆಂಡೆಯವರು, ಚಕ್ರತಾಳದವರು, ವೇಷಧಾರಿಗಳು, ವೇಷ ಕಟ್ಟಲು ನೆರವಾಗುವ ನೇಪಥ್ಯದವರು, ರಂಗಸ್ಥಳ ಕಟ್ಟುವವರು, ಲೈಟು ಮೈಕಿನವರು, ಲಾರಿ ಚಾಲಕರು, ಅಡಿಗೆಯವರು - ಇಷ್ಟು ಜನ ಸೇರಿದರೆ ಒಂದು ಮೇಳ. ನವೆಂಬರ್ ಮಧ್ಯದಿಂದ ಮೇ 24ರವರೆಗೆ ಕ್ಯಾಲೆಂಡರ್ ಎಣಿಸಿದರೆ 190 ರಾತ್ರಿ ಆಗುತ್ತದೆ. ಬೇಡಿಕೆ ಇರುವ ಮೇಳಕ್ಕೆ ಇದರಲ್ಲಿ ಬಿಡುವಿನ ರಾತ್ರಿಗಳು ಬೆರಳೆಣಿಕೆಯಷ್ಟು.

ಇದರಲ್ಲಿ ಮೊದಲ ಮೂರು ತಿಂಗಳು ಚಳಿಗಾಲ. ಕರಾವಳಿಯಲ್ಲಿ ಚಳಿ ಎಲ್ಲಿಂದ ಬಂತು ಎಂದು ಬೆಳಗಾವಿಯವರು ನಗಬಹುದು. ಹಗಲು ನಮ್ಮಲ್ಲಿ ಸೆಕೆಯೇ. ಆದರೆ ವೃಶ್ಚಿಕ, ಧನು, ಮಕರ ತಿಂಗಳುಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಗದ್ದೆಯ ನಡುವೆ ನಿಂತು ನೋಡಿ. ಅಡಿಕೆ ತೋಟದ ತಂಪು, ಹೊಳೆಯ ಕಡೆಯ ಗಾಳಿ, ಚಾಪೆ ಕುರ್ಚಿ ಎಲ್ಲ ಒದ್ದೆ ಮಾಡುವ ಮಂಜು. ಸುಳ್ಯ, ಬೆಳ್ತಂಗಡಿಯಂಥ ಘಟ್ಟದ ಬುಡದ ಊರುಗಳಲ್ಲಿ ಇದು ಇನ್ನೂ ಜಾಸ್ತಿ. ಪ್ರೇಕ್ಷಕರು ಮಫ್ಲರ್ ಸುತ್ತಿಕೊಂಡು, ಕಟ್ಟಂಚಾಯ ಕುಡಿಯುತ್ತ ನೋಡುತ್ತಾರೆ. ವೇಷಧಾರಿ ಮಾತ್ರ ಕುಣಿದು ಕುಣಿದು ಬೆವರಿನಲ್ಲಿ ಮುಳುಗಿರುತ್ತಾರೆ. ಕುಣಿತ ಮುಗಿಸಿ ಚೌಕಿಗೆ ಬಂದರೆ ಮಡಲಿನ ತಟ್ಟಿಯ ಅಥವಾ ಟಾರ್ಪಾಲಿನ ಒಂದು ಮರೆ. ಬೆವರು ಆರುವುದಕ್ಕೂ ಚಳಿ ಹಿಡಿಯುವುದಕ್ಕೂ ಹೊತ್ತು ಬೇಕಿಲ್ಲ. ಮಂಜಿಗೆ ಚರ್ಮ ಸಡಿಲವಾಗಿ ಮದ್ದಳೆಯ ನಾದ ಇಳಿಯುತ್ತದೆ, ಹಾಗೆಯೇ ಭಾಗವತರ ಗಂಟಲೂ ಕಟ್ಟುತ್ತದೆ. ಮದ್ದಳೆಯನ್ನಾದರೆ ಮತ್ತೆ ಬಿಗಿದು ಶ್ರುತಿ ಮಾಡಬಹುದು.

ಬಣ್ಣದ ವೇಷದವರ ಪಾಡು ಬೇರೆಯೇ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮುಖದ ಮೇಲೆ ಸಾಲು ಸಾಲಾಗಿ ಚುಟ್ಟಿ ಇಡಲು ಎರಡು ಮೂರು ಗಂಟೆ ಬೇಕು. ಆ ಹೊತ್ತಿನಲ್ಲಿ ಹೆಚ್ಚು ಮಾತನಾಡುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗಿಲ್ಲ. ಅದೆಲ್ಲ ಒಣಗಿ ಬಿಗಿದ ಮೇಲೆ ಕಿರೀಟ ಹೊತ್ತು, ಅಟ್ಟಹಾಸ ಮಾಡಿ, ಸತ್ತು, ಮತ್ತೆ ಚೌಕಿಗೆ ಬಂದು ತೆಂಗಿನೆಣ್ಣೆ ಹಚ್ಚಿ ಅಷ್ಟನ್ನೂ ಕಿತ್ತು ಒರೆಸಬೇಕು. ಮುಖ ತೊಳೆಯಲು ಸಿಗುವುದು ಡ್ರಮ್ಮಿನಲ್ಲಿ ಹಿಡಿದಿಟ್ಟ ತಣ್ಣೀರು. ಒಂದು ಹಂಡೆ ಬಿಸಿನೀರು ಕಾಯಿಸಿಡಲು ಎಷ್ಟು ಕಟ್ಟಿಗೆ ಬೇಕು? ಮೂರು ಸಾವಿರ ಜನಕ್ಕೆ ಅನ್ನ ಸಾರು ಪಾಯಸ ಮಾಡಿದ ಒಲೆಯಲ್ಲಿ ಕೆಂಡ ಇನ್ನೂ ಇರುತ್ತದೆ. ಹಂಡೆ ಇಡಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ, ಅಷ್ಟೇ.

ಇಷ್ಟು ಹೇಳಿದ ತಕ್ಷಣ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ. "ಹಿಂದಿನವರು ನಡೆದುಕೊಂಡೇ ಹೋಗುತ್ತಿದ್ದರು, ಪೆಟ್ಟಿಗೆಯನ್ನು ತಲೆಹೊರೆಯಲ್ಲಿ ಸಾಗಿಸುತ್ತಿದ್ದರು. ಈಗಿನವರಿಗೆ ಬೈಕಿದೆ, ಮೊಬೈಲಿದೆ, ಮತ್ತೂ ಕಷ್ಟವೇ?"

ಸ್ವಾಮೀ, ಹಿಂದಿನವರ ಕಷ್ಟ ದೊಡ್ಡದೇ ಆಗಿತ್ತು. ಆದರೆ ಆ ಕಷ್ಟಕ್ಕೆ ಒಂದು ಅಳತೆ ಇತ್ತು. ಮೇಳ ನಡೆದು ಹೋಗುತ್ತಿದ್ದಾಗ ಮುಂದಿನ ಆಟ ನಡೆದು ಮುಟ್ಟಬಹುದಾದ ಊರಿನಲ್ಲೇ ಇರಬೇಕಿತ್ತು. ಬೆಳಿಗ್ಗೆ ಆಟ ಮುಗಿದರೆ ಆ ಊರಿನ ಮನೆಯಲ್ಲೋ ಮುಂದಿನ ಊರಿನ ಮನೆಯಲ್ಲೋ ಮೇಳಕ್ಕೆ ಊಟ, ಚಾವಡಿಯಲ್ಲಿ ನಿದ್ರೆ. ಕಲಾವಿದರು ಆರು ತಿಂಗಳು ಮನೆ ಬಿಟ್ಟಿರುತ್ತಿದ್ದರು, ಅದು ಕ್ರೂರವೇ. ಹೆಂಡತಿ ಮಕ್ಕಳ ಮುಖ ಕಾಣದೆ ತಿರುಗಾಟ ಮುಗಿಸಿದವರ ಕಥೆಗಳು ಪ್ರತಿ ಊರಿನಲ್ಲೂ ಇವೆ. ಆದರೂ ಹಗಲು ಮಲಗಲು ಒಂದು ಜಾಗ, ಒಟ್ಟಿಗೆ ಸಾಗುವ ಒಂದು ಗುಂಪು ಇತ್ತು. ಆಮೇಲೆ ಡೇರೆ ಮೇಳಗಳ ಕಾಲ ಬಂತು. ಟಿಕೆಟ್ ಇಟ್ಟು, ಟೆಂಟು ಹಾಕಿ, ಲಾರಿ ಬಸ್ಸಿನಲ್ಲಿ ಮೇಳ ತಿರುಗಿತು. ಗೇಟು ಕಲೆಕ್ಷನ್ ಬಿದ್ದ ದಿನ ಯಜಮಾನರ ಮುಖ ಬಾಡುತ್ತಿತ್ತು, ಕಲಾವಿದರ ಸಂಬಳ ಮುಂದಕ್ಕೆ ಹೋಗುತ್ತಿತ್ತು. ಕಷ್ಟ ಆಗಲೂ ಕಡಿಮೆ ಇರಲಿಲ್ಲ. ಆದರೆ ಆಟ ಮುಗಿದ ಮೇಲೆ ಮನೆ ಮುಟ್ಟುವುದು ಪ್ರತಿಯೊಬ್ಬರ ಸ್ವಂತ ತಲೆನೋವು ಎಂಬ ಏರ್ಪಾಡು ಗಟ್ಟಿಯಾದದ್ದು ನಮ್ಮ ಕಾಲದಲ್ಲಿ.

ಅದು ಹೇಗೆ ಗಟ್ಟಿಯಾಯಿತು? ಕಾಲಮಿತಿಯಿಂದ. ಇಲ್ಲಿ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದು ಎಂದು ಆ ನಿಯಮ ಹೇಳುತ್ತದೆ. ಅದರ ಬಿಸಿ ಬಯಲಾಟಕ್ಕೆ ತಟ್ಟಲು ಕೆಲವು ವರ್ಷ ಹಿಡಿಯಿತು. ಜನರಿಗೂ ಇಡೀ ರಾತ್ರಿ ಕೂರುವ ತಾಳ್ಮೆ ಕಡಿಮೆ ಆಗುತ್ತಿತ್ತು. ಧರ್ಮಸ್ಥಳ ಮೇಳ ಮೊದಲೇ ಕಾಲಮಿತಿಗೆ ಬಂದಿತ್ತು. 2022ರ ತಿರುಗಾಟದಿಂದ ಕಟೀಲು ಮೇಳಗಳೂ ಬಂದವು. ಆಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಪಾದಯಾತ್ರೆ, ಮನವಿ, ಕೋರ್ಟು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆ. ಕೊನೆಗೆ 2024ರ ಜನವರಿ 14, ಮಕರ ಸಂಕ್ರಮಣದಿಂದ ಕಟೀಲು ಮೇಳಗಳು ಮತ್ತೆ ಇಡೀ ರಾತ್ರಿಯ ಆಟಕ್ಕೆ ಮರಳಿದವು.

ಆ ಚರ್ಚೆಯಲ್ಲಿ ಭಕ್ತರ ಭಾವನೆ ಬಂತು, ಪರಂಪರೆ ಬಂತು, ಪ್ರಸಂಗದ ಪೂರ್ಣತೆ ಬಂತು, ಪೂರ್ವರಂಗದ ಕೋಡಂಗಿ ಬಾಲಗೋಪಾಲರೂ ಬಂದರು. ಎಲ್ಲವೂ ಚರ್ಚೆಗೆ ಯೋಗ್ಯವಾದ ವಿಷಯಗಳೇ. ಆದರೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ: ಆಟ ಎಷ್ಟು ಗಂಟೆಗೆ ಮುಗಿದರೆ ಕಲಾವಿದರು ಎಷ್ಟು ಗಂಟೆಗೆ ಮಲಗುತ್ತಾರೆ?

ಇಡೀ ರಾತ್ರಿಯ ಆಟ ಬೆಳಗಾಗುವಾಗ ಮುಗಿಯುತ್ತಿತ್ತು. ಬೆಳಕಿರುತ್ತಿತ್ತು, ಮೊದಲ ಬಸ್ಸು ಇರುತ್ತಿತ್ತು, ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಬಹುದಿತ್ತು. ಕಾಲಮಿತಿಯ ಆಟ ನಡುರಾತ್ರಿ ಮುಗಿಯುತ್ತದೆ. ಆ ಹೊತ್ತಿಗೆ ನಮ್ಮ ಹಳ್ಳಿದಾರಿಗಳಲ್ಲಿ ಬಸ್ಸಿಲ್ಲ. ಪ್ರೇಕ್ಷಕರಿಗೆ ಅನುಕೂಲವಾಯಿತು, ಅವರು ಹನ್ನೆರಡೂವರೆಗೆ ಮನೆ ಸೇರಿ ಬೆಳಿಗ್ಗೆ ಆಫೀಸಿಗೆ ಹೋಗುತ್ತಾರೆ. ಕಲಾವಿದರ ಆಯಾಸ ರಂಗಸ್ಥಳದಿಂದ ಇಳಿದು ರಸ್ತೆಗೆ ಬಂತು.

ಒಂದು ಲೆಕ್ಕ ಹಾಕೋಣ. ಬದಿಯಡ್ಕದ ಕಡೆಯ ಒಬ್ಬ ವೇಷಧಾರಿ ಎಂದು ಇಟ್ಟುಕೊಳ್ಳಿ. ಇವತ್ತಿನ ಆಟ ಪುತ್ತೂರಿನಾಚೆ. ಮಧ್ಯಾಹ್ನ ಮೂರಕ್ಕೆ ಮನೆ ಬಿಡಬೇಕು. ಪೆರ್ಲ, ಅಡ್ಯನಡ್ಕ, ವಿಟ್ಲ ದಾಟಿ ಸಂಜೆಗೆ ಚೌಕಿ ಸೇರಿ, ಬಣ್ಣ ಹಚ್ಚಿ, ವೇಷ ಕಟ್ಟಿ, ಆಟ ಮುಗಿಸಿ, ಬಣ್ಣ ತೆಗೆದು ಬೈಕು ಹತ್ತುವಾಗ ಒಂದು ಕಳೆದಿರುತ್ತದೆ. ಮನೆ ಮುಟ್ಟಿ ಮಲಗುವಾಗ ಮೂರು. ಏಳಕ್ಕೆ ಮಕ್ಕಳ ಗದ್ದಲ, ತೋಟಕ್ಕೆ ನೀರು, ಊರಿನ ಮದುವೆ, ಬೊಜ್ಜ. ಮತ್ತೆ ಮೂರಕ್ಕೆ ಹೊರಡಬೇಕು. ಹೋಗಲು 50, ಬರಲು 50 ಕಿಲೋಮೀಟರ್ ಎಂದು ಹಿಡಿದರೂ 190 ದಿನಕ್ಕೆ 19,000 ಕಿಲೋಮೀಟರ್ ಆಯಿತು. ಕಾಸರಗೋಡಿನಿಂದ ದೆಹಲಿಗೆ ಸುಮಾರು ನಾಲ್ಕು ಸಲ ಹೋಗಿ ಬಂದ ಹಾಗೆ. ಇದರ ಅರ್ಧ ದಾರಿ ನಡುರಾತ್ರಿಯ ಮೇಲೆ, ನಿದ್ದೆಗಣ್ಣಿನಲ್ಲಿ. ಸಂಕೇತಕ್ಕೆ ಇಟ್ಟ ಲೆಕ್ಕ ಇದು. ನಿಮ್ಮೂರಿನ ಕಲಾವಿದರನ್ನು ಕೇಳಿ, ಅವರು ತಮ್ಮದೇ ಲೆಕ್ಕ ಹೇಳುತ್ತಾರೆ. ಆಟ ಮುಗಿಸಿ ಹೋಗುತ್ತಿದ್ದಾಗ ಅಪಘಾತದಲ್ಲಿ ಕಲಾವಿದರು ತೀರಿಹೋದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಓದಿದ್ದೇವೆ. ಓದಿ, ಫೋಟೋ ಹಂಚಿ, "ಕಲಾಮಾತೆಗೆ ತುಂಬಲಾರದ ನಷ್ಟ" ಎಂದು ಬರೆದು, ಮುಂದಿನ ವಾರದ ಆಟದ ಪೋಸ್ಟರ್ ಹಂಚಿದ್ದೇವೆ.

ಇನ್ನು "ಸೇವೆ" ಎಂಬ ಶಬ್ದಕ್ಕೆ ಬರುತ್ತೇನೆ. ಬಯಲಾಟ ದೇವರ ಸೇವೆ, ಅಲ್ಲಿ ದುಡ್ಡಿನ ಮಾತು ಎತ್ತಬಾರದು ಎನ್ನುವವರಿದ್ದಾರೆ. ಹರಕೆ ಹೊತ್ತ ಮನೆಯವರಿಗೆ ಅದು ಸೇವೆಯೇ, ಅದನ್ನು ನಾನು ತುಂಬು ಗೌರವದಿಂದ ಒಪ್ಪುತ್ತೇನೆ. ಹರಕೆ ಆಟದ ಸರದಿಗೆ ವರ್ಷಗಟ್ಟಲೆ ಕಾಯುವ ಭಕ್ತಿ ಸಣ್ಣದಲ್ಲ. ಆದರೆ ಅದೇ ಸೇವೆಯ ದಿನ ಶಾಮಿಯಾನದವರ ಬಿಲ್ಲು ಬರುತ್ತದೆ, ಅಡಿಗೆಯವರ ಬಿಲ್ಲು ಬರುತ್ತದೆ, ಹೂವಿನವರ, ಲೈಟಿಂಗಿನವರ, ಯೂಟ್ಯೂಬಿಗೆ ನೇರಪ್ರಸಾರ ಮಾಡುವವರ ಬಿಲ್ಲೂ ಬರುತ್ತದೆ. ಯಾರಿಗೂ "ಇದು ದೇವರ ಸೇವೆ, ನೀವು ಸ್ವಲ್ಪ ಸಹಿಸಿಕೊಳ್ಳಿ" ಎಂದು ನಾವು ಹೇಳುವುದಿಲ್ಲ. ಆ ಮಾತು ಇಟ್ಟಿರುವುದು ಕಲಾವಿದರಿಗೆ ಮಾತ್ರ. ಸೇವೆ ಮಾಡಿಸುವವರು ನಾವು, ಅದರ ಚಳಿ ನಿದ್ದೆಗೇಡು ಅನುಭವಿಸುವವರು ಅವರು. ಇದನ್ನು ದೇವರು ಯಾರ ಲೆಕ್ಕಕ್ಕೆ ಬರೆಯುತ್ತಾನೋ!

"ಈಗ ಕಲಾವಿದರಿಗೆ ಒಳ್ಳೆಯ ಸಂಭಾವನೆ ಇದೆ, ಕಾರಿನಲ್ಲಿ ಬರುತ್ತಾರೆ" ಎಂಬ ಮಾತೂ ಇದೆ. ಹೌದು, ಕೆಲವರು ಬರುತ್ತಾರೆ. ಹೆಸರಾಂತ ಭಾಗವತರು, ಪೋಸ್ಟರಿನಲ್ಲಿ ಫೋಟೋ ಬರುವ ವೇಷಧಾರಿಗಳು. ಅವರು ದುಡಿದು ಗಳಿಸಿದ್ದಾರೆ, ಇನ್ನೂ ಗಳಿಸಲಿ. ಆದರೆ ಮೇಳ ನಿಲ್ಲುವುದು ಅವರೊಬ್ಬರಿಂದಲೇ ಅಲ್ಲ. ಸಂಜೆ ಮೊದಲು ಕುಣಿಯುವ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಬಲ ಬರುವ ರಕ್ಕಸರು, ಚಕ್ರತಾಳ ಹಿಡಿದು ನಿಲ್ಲುವ ಹುಡುಗ, ಕಿರೀಟದ ದಾರ ಬಿಗಿಯುವ ನೇಪಥ್ಯದವರು, ಎಲ್ಲರೂ ಹೋದ ಮೇಲೆ ರಂಗಸ್ಥಳ ಬಿಚ್ಚಿ ಲಾರಿಗೆ ತುಂಬುವವರು - ಇವರ ಫೋಟೋ ಯಾವ ಪೋಸ್ಟರಿನಲ್ಲಿದೆ? ಮೇಳದ ಕೆಲಸ ಹೆಚ್ಚಿನವರಿಗೆ ಆರು ತಿಂಗಳ ಕೆಲಸ. ಪತ್ತನಾಜೆ ಮುಗಿದರೆ ಮಳೆಗಾಲ. ಹೆಸರಿದ್ದವರಿಗೆ ಬೆಂಗಳೂರು, ಮುಂಬೈಗಳಲ್ಲಿ ಆಟ ತಾಳಮದ್ದಳೆ ಸಿಗುತ್ತದೆ. ಉಳಿದವರು ಅಡಿಕೆ ತೋಟಕ್ಕೆ, ಹೋಟೆಲಿಗೆ, ಅಡಿಗೆ ಕೆಲಸಕ್ಕೆ.

ವಿದ್ವಾಂಸರನ್ನೂ ಬಿಡಲಾರೆ. ಶಿವರಾಮ ಕಾರಂತರಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 'ಯಕ್ಷಗಾನ ಬಯಲಾಟ' ಎಂಬ ಪುಸ್ತಕಕ್ಕೆ. ಆಮೇಲಿನ ವರ್ಷಗಳಲ್ಲಿ ತಿಟ್ಟುಗಳ ಬಗ್ಗೆ, ಮುಖವರ್ಣಿಕೆಯ ಬಗ್ಗೆ, ಛಂದಸ್ಸಿನ ಬಗ್ಗೆ ರಾಶಿ ರಾಶಿ ಸಂಶೋಧನೆ ಬಂದಿದೆ. ವಿಚಾರಸಂಕಿರಣಗಳಿಗೆ ಲೆಕ್ಕವಿಲ್ಲ. ಕಲಾವಿದರ ನಿದ್ರೆ, ಬೆನ್ನುನೋವು, ಗಂಟಲು, ಸಾಲ, ಮಕ್ಕಳ ಓದು - ಇವುಗಳ ಮೇಲೆ ಒಂದು ಗೋಷ್ಠಿ ಇಡಿ ನೋಡೋಣ. ಉದ್ಘಾಟಕರು ಸಿಗುತ್ತಾರೋ ಇಲ್ಲವೋ!

ಇಷ್ಟರ ನಡುವೆ ಕೈಹಿಡಿದವರೂ ಇದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಕೆಲಸ ಮಾಡುತ್ತ ಕಲಾವಿದರಿಗೆ ಮನೆ, ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ಕೊಡುತ್ತ ಬಂದಿದೆ. 2015ರಲ್ಲಿ ಆರಂಭವಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕೂಡ ವಿಮೆ, ಚಿಕಿತ್ಸೆ, ಮನೆ ಎಂದು ದುಡಿಯುತ್ತಿದೆ. ಅವರಿಗೆ ಕೈಮುಗಿಯುತ್ತೇನೆ. ಆದರೆ ಯೋಚಿಸಿ, ಕಾರ್ಖಾನೆಯ ಕೆಲಸಗಾರನಿಗೆ ಅಪಘಾತವಾದರೆ ನಾವು ದಾನಿಗಳನ್ನು ಹುಡುಕುವುದಕ್ಕಿಂತ ಮೊದಲು ಯಜಮಾನನ ಹೊಣೆ ಏನು ಎಂದು ಕೇಳುತ್ತೇವೆ. ಮೇಳದ ಕೆಲಸಗಾರನ ಮಟ್ಟಿಗೆ ನೇರವಾಗಿ ದಾನಿಗಳ ಹತ್ತಿರ ಹೋಗುತ್ತೇವೆ. ಕಲಾವಿದರು ಕೂಲಿಯ ಹಕ್ಕಿನಿಂದ ಪಡೆಯಬೇಕಾದದ್ದನ್ನು ಕೃತಜ್ಞತೆಯಿಂದ ಪಡೆಯುವ ಹಾಗೆ ಮಾಡಿದ್ದೇವೆ.

ಗಡಿಯ ಈಚೆಗಿನ ನಮ್ಮ ಕಲಾವಿದರಿಗೆ ಇನ್ನೊಂದು ಗಂಟು ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ತೆಂಕುತಿಟ್ಟಿನ ಪಿತಾಮಹ ಎಂದು ಎಲ್ಲರೂ ಕರೆಯುವ ಪಾರ್ತಿಸುಬ್ಬನ ಕುಂಬಳೆ ಕೇರಳದಲ್ಲಿ ಉಳಿಯಿತು. ದೊಡ್ಡ ಮೇಳಗಳ ದೇವಸ್ಥಾನಗಳು ಕರ್ನಾಟಕದಲ್ಲಿವೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಇಲ್ಲಿಯವರು, ಕುಂಬಳೆ ಸುಂದರ ರಾಯರು (1934-2022) ಇಲ್ಲಿಯವರು. ವೃತ್ತಿಮೇಳಗಳಲ್ಲಿ ಭಾಗವತಿಕೆ ಮಾಡಿದ ಮೊದಲ ಮಹಿಳೆ ಎಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರು (1947-2024) ಹುಟ್ಟಿದ್ದು ಇಲ್ಲಿಯ ಮಧೂರಿನಲ್ಲಿ. ಹೆಂಗಸರಿಗೆ ಚೌಕಿಯಲ್ಲಿ ಬಟ್ಟೆ ಬದಲಿಸಲು ಒಂದು ಮರೆ ಕೂಡ ಯಾರೂ ಯೋಚಿಸಿರದ ಕಾಲದಲ್ಲಿ ಅವರು ಮೇಳಗಳ ಜೊತೆ ರಾತ್ರಿ ರಾತ್ರಿ ತಿರುಗಿದವರು. ಇಂಥವರು ಹುಟ್ಟಿದ ನೆಲದ ಕಲಾವಿದರು ಈಗ ಮನೆ ಕೇರಳದಲ್ಲಿ, ದುಡಿಮೆ ಕರ್ನಾಟಕದಲ್ಲಿ ಎಂಬ ಸ್ಥಿತಿಯಲ್ಲಿದ್ದಾರೆ. ಸವಲತ್ತು ಕೇಳಲು ಹೋದರೆ ಈ ಕಡೆಯವರು ನೀವು ಆಡುವುದು ಅಲ್ಲಿ ಎನ್ನಬಹುದು, ಆ ಕಡೆಯವರು ನಿಮ್ಮ ರೇಷನ್ ಕಾರ್ಡು ಇಲ್ಲಿಯದ್ದಲ್ಲ ಎನ್ನಬಹುದು.

2020ರ ಮಾರ್ಚಿನಲ್ಲಿ ಇದು ಹಸಿಹಸಿಯಾಗಿ ಕಂಡಿತು. ಕೊರೋನಾದಿಂದ ತಿರುಗಾಟ ಅರ್ಧಕ್ಕೆ ನಿಂತಿತು, ಪತ್ತನಾಜೆಗೆ ಇನ್ನೂ ಎರಡು ತಿಂಗಳು ಬಾಕಿ ಇತ್ತು. ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಆಂಬುಲೆನ್ಸಿಗೇ ದಾರಿ ಇಲ್ಲ ಎಂದು ಕೋರ್ಟಿನವರೆಗೆ ಹೋದ ದಿನಗಳಲ್ಲಿ ಮೇಳದ ಕಲಾವಿದರ ಸಂಬಳದ ಬಾಕಿಯನ್ನು ಕೇಳುವವರು ಯಾರು? ನಾಲ್ಕು ಕಡೆಯಿಂದ ಕಿಟ್ಟು ಬಂತು, ಅಕ್ಕಿ ಬಂತು. ಮತ್ತದೇ ದಾನ. ಆ ಎರಡು ತಿಂಗಳಿಂದಾದರೂ ನಾವು ಒಂದು ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ ನೋಂದಣಿ ತೆರೆಯಿತು. ಕೇರಳದಲ್ಲಿ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಮಂಡಳಿ ಇದೆ. ಕರ್ನಾಟಕದಲ್ಲಿ ಯಕ್ಷಗಾನ ಅಕಾಡೆಮಿ ಇದೆ. ಚೌಕಿಗೆ ಒಬ್ಬ ಓದು ಬರಹ ಬಲ್ಲ ಹುಡುಗನನ್ನು ಲ್ಯಾಪ್‌ಟಾಪ್ ಕೊಟ್ಟು ಕಳಿಸಿ ಅರ್ಜಿ ತುಂಬಿಸುವ ಕೆಲಸ ನಮ್ಮ ಎಷ್ಟು ಕನ್ನಡ ಸಂಘಗಳು ಮಾಡಿವೆ?

ಕನ್ನಡ ಸಂಘ ಎಂದಾಗ ನನ್ನ ಸಿಟ್ಟು ಇನ್ನೂ ಸ್ವಲ್ಪ ಏರುತ್ತದೆ. ನಾನು ಕನ್ನಡ ಮಾಧ್ಯಮದ ಮಾಷ್ಟ್ರು. ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಮಲಯಾಳ ಆಡುವವರು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಆಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಬಹುತೇಕರ ಮನೆಯ ಭಾಷೆಯಲ್ಲ. ಆದರೂ "ಅಸಾಧ್ಯ", "ಪರಾಕ್ರಮ", "ಕ್ಷಮಿಸು", "ವಚನಭಂಗ" ಎಂಬ ಶಬ್ದಗಳನ್ನು ನಾನು ಬೋರ್ಡಿನಲ್ಲಿ ಬರೆಯುವ ಮೊದಲೇ ಕೆಲವು ಮಕ್ಕಳಿಗೆ ಗೊತ್ತಿರುತ್ತದೆ. ಎಲ್ಲಿ ಕೇಳಿದ್ದು ಎಂದರೆ "ಆಟದಲ್ಲಿ ಸರ್". ಅರ್ಥಗಾರಿಕೆ ಯಾರೋ ಬರೆದುಕೊಟ್ಟ ಸಂಭಾಷಣೆಯಲ್ಲ. ಪದ್ಯದ ಎಳೆ ಹಿಡಿದು ವೇಷಧಾರಿ ಅಲ್ಲೇ ನಿಂತು ಕಟ್ಟುವ ಮಾತು. ಒಂದು ಇಂಗ್ಲಿಷ್ ಶಬ್ದ ನುಸುಳದ ಹಾಗೆ ಗಂಟೆಗಟ್ಟಲೆ ಕನ್ನಡ ಆಡುವ ಇನ್ನೊಂದು ಜಾಗ ಈ ಗಡಿನಾಡಿನಲ್ಲಿದ್ದರೆ ನನಗೆ ತೋರಿಸಿ. ಕೇರಳ ಸರ್ಕಾರ 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡುವ ಕಾಯ್ದೆ ತಂದಾಗ ನಾವು ಬೀದಿಗಿಳಿದೆವು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಶಾಲೆಯ ಎದುರು ಕೂತೆವು. ಮಾಡಬೇಕಾದದ್ದೇ ಮಾಡಿದೆವು. ಆದರೆ ಸರ್ಕಾರದ ಸಂಬಳ ಪಡೆದು ಕನ್ನಡ ಕಲಿಸುವ ನನ್ನಂಥವರ ಕೆಲಸಕ್ಕೆ ಇಷ್ಟು ಹೋರಾಟ ಇರುವಾಗ, ಚಳಿಯಲ್ಲಿ ನಿಂತು ಅದೇ ಮಕ್ಕಳಿಗೆ ಕನ್ನಡ ಕಿವಿಗೆ ಹಾಕುವವರ ಕೆಲಸಕ್ಕೆ ಒಂದು ಮನವಿಪತ್ರವೂ ಇಲ್ಲದಿರುವುದು ಯಾವ ನ್ಯಾಯ?

ನಾನೇನು ಕೇಳುತ್ತಿದ್ದೇನೆ? ಬೆಟ್ಟ ಕಡಿದು ಕೊಡಿ ಎನ್ನುತ್ತಿಲ್ಲ.

ಮೊದಲನೆಯದು, ಮೇಳ ನಡೆಸುವವರಿಗೆ. ತಿರುಗಾಟ ಹೊರಡುವ ಮೊದಲು ಪ್ರತಿಯೊಬ್ಬರಿಗೂ, ನೇಪಥ್ಯದವರಿಗೂ ಸೇರಿ, ಸಂಬಳ ಎಷ್ಟು, ರಜೆ ಎಷ್ಟು, ಪೆಟ್ಟಾದರೆ ಖರ್ಚು ಯಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ವಾರಕ್ಕೆ ಒಂದು ರಾತ್ರಿ ಸಂಬಳ ಸಹಿತ ರಜೆ ಸಿಗುವ ಹಾಗೆ ಬದಲಿ ಕಲಾವಿದರನ್ನು ಇಟ್ಟುಕೊಳ್ಳಿ. ಆಟ ಮುಗಿದ ಮೇಲೆ ಒಂದು ವ್ಯಾನು ಮುಖ್ಯ ಪೇಟೆಗಳವರೆಗೆ ಎಲ್ಲರನ್ನೂ ಬಿಟ್ಟು ಬರಲಿ. ಇದರಲ್ಲಿ ಕೆಲವನ್ನು ಈಗಾಗಲೇ ಮಾಡುವ ಮೇಳಗಳಿದ್ದರೆ ಅವರು ಅದನ್ನು ಎಲ್ಲರಿಗೂ ಹೇಳಲಿ. ಉಳಿದವರಿಗೆ ನಾಚಿಕೆಯಾದರೂ ಆಗುತ್ತದೆ.

ಎರಡನೆಯದು, ಆಟ ಆಡಿಸುವವರಿಗೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಎಂಬ ನಾಟಕ ತಂಡ ಆರಂಭಿಸಿತು. ಅವರೂ ಚಳಿಗಾಲದಲ್ಲಿ ಊರೂರು ಸುತ್ತುವವರೇ. ಆ ತಂಡ ಬಂದರೆ ಕರೆಸಿದ ಊರಿನವರು ಊಟದ ಜೊತೆ ಮಲಗಲು ಜಾಗವನ್ನೂ ನೋಡುತ್ತಾರೆ. ಮೇಳದವರಿಗೆ ಊಟ ಹಾಕುವ ನಮಗೆ ಚಾಪೆ ಹಾಕಲು ಏನು ಅಡ್ಡಿ? ಆಟ ನಡೆಯುವುದು ಎಷ್ಟೋ ಸಲ ಶಾಲೆಯ ಮೈದಾನದಲ್ಲಿ. ಹತ್ತು ಹೆಜ್ಜೆ ಆಚೆ ಕ್ಲಾಸ್ ರೂಮು, ಶೌಚಾಲಯ, ನೀರಿನ ಟ್ಯಾಂಕು ಎಲ್ಲ ಇದೆ. ಮೈದಾನ ಕೊಡುವ ನಾವು ಬೀಗ ತೆರೆದು ಎರಡು ಕೋಣೆ ಯಾಕೆ ಕೊಡಬಾರದು? ನಿದ್ದೆ ಬರುತ್ತಿರುವವರು ಅಲ್ಲಿ ಮಲಗಿ ಬೆಳಿಗ್ಗೆ ಮೊದಲ ಬಸ್ಸಿಗೋ ಬೈಕಿಗೋ ಹೋಗಲಿ. ಮನೆಗೆ ಹೋಗಲೇಬೇಕು ಎನ್ನುವವರು ಹೋಗಲಿ, ಅದು ಅವರ ಇಷ್ಟ. ಇಷ್ಟಪಡಲು ಎರಡು ದಾರಿಯಾದರೂ ಇರಬೇಕಲ್ಲ! ನನ್ನ ಹಾಗಿರುವ ಮಾಷ್ಟ್ರುಗಳಿಗೂ ಇದೇ ಮಾತು. ಪಿ.ಟಿ.ಎ. ಸಭೆಯಲ್ಲಿ ಒಂದು ಠರಾವು ಮಾಡಿದರೆ ಆಗುವ ಕೆಲಸ ಇದು.

ಮೂರನೆಯದು, ಪ್ರೇಕ್ಷಕರಿಗೆ. ಇಡೀ ರಾತ್ರಿ ಬೇಕೋ, ಕಾಲಮಿತಿ ಸಾಕೋ ಎಂಬ ವಾದವನ್ನು ಮುಂದುವರಿಸಿ. ನನಗೆ ಇಡೀ ರಾತ್ರಿಯ ಆಟವೇ ಇಷ್ಟ. ಆದರೆ ವಾದ ಆರಂಭಿಸುವ ಮೊದಲು ಚೌಕಿಯ ಅಭಿಪ್ರಾಯ ಕೇಳಿ. ಅದೂ ಮ್ಯಾನೇಜರ ಎದುರು ಮೈಕ್ ಹಿಡಿದು ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ.

ಮುಂದಿನ ತಿರುಗಾಟ ದೀಪಾವಳಿ ಕಳೆದ ಕೂಡಲೇ ಹೊರಡುತ್ತದೆ. ನಿಮ್ಮ ಊರಿನಲ್ಲಿ ವೀಳ್ಯ ಆಗಿದ್ದರೆ ಸಮಿತಿಯ ಖರ್ಚಿನ ಪಟ್ಟಿ ಈಗ ತಯಾರಾಗುತ್ತಿರಬಹುದು. ಅದರಲ್ಲಿ ಹಾರ, ಶಾಲು, ಸ್ಮರಣಿಕೆ ಎಂಬ ಸಾಲು ಖಂಡಿತ ಇರುತ್ತದೆ. ಅದರ ಕೆಳಗೆ ಇನ್ನೂ ಮೂರು ಸಾಲು ಬರೆಯಿರಿ: ಬಿಸಿನೀರು, ಮಲಗಲು ಕೋಣೆ, ರಾತ್ರಿಯ ವಾಹನ. ದುಡ್ಡು ಸಾಲದಿದ್ದರೆ ಶಾಲು ಬಿಡಿ.